ಮಣಿಕಟ್ಟು ಯಾವಾಗ ಬಿಡಬೇಕು? ಗಾಲ್ಫ್ ಓದುಗರ ಪ್ರಶ್ನೋತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ: ರಿಲೀಸ್. ಅಂದರೆ ಕ್ಲಬ್ (ಗಾಲ್ಫ್ ಕೋಲು) ಮೇಲೆತ್ತಿದಾಗ ಮಡಚಿಕೊಂಡ ಮಣಿಕಟ್ಟು ಕೆಳಗೆ ಬರುವಾಗ ಯಾವ ಹೊತ್ತಿಗೆ ಬಿಚ್ಚಿಕೊಳ್ಳಬೇಕು ಎನ್ನುವುದು. ಪಟಿಂಗ್, ಬಂಕರ್ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟು ಇದೊಂದನ್ನೇ ಹಿಡಿದು ಕೂತಿದ್ದೇನೆ. ಎಡ, ಬಲ ಅಂತ ಹೇಳುವಾಗೆಲ್ಲ ಬಲಗೈ ಆಟಗಾರರ ಲೆಕ್ಕ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಪ್ರಶ್ನೆ: ನನಗೆ 52 ವರ್ಷ. ವಾರಕ್ಕೆ ಎರಡು ದಿನ ಆಡುತ್ತೇನೆ. ವೇಗ ಅಳೆಯುವ ಲಾಂಚ್ ಮಾನಿಟರ್‌ನಲ್ಲಿ ಡ್ರೈವರ್‌ನ (ಅತಿ ದೂರ ಹೊಡೆಯುವ ಉದ್ದದ ಕ್ಲಬ್) ಕ್ಲಬ್‌ಹೆಡ್ ವೇಗ, ಅಂದರೆ ಅದರ ತಲೆಯ ವೇಗ, ಗಂಟೆಗೆ 84 ಮೈಲಿ ಬರುತ್ತಿತ್ತು. "ನೀವು ಬೇಗ ಬಿಟ್ಟುಬಿಡ್ತೀರಿ ಸಾರ್, ಕಾಸ್ಟಿಂಗ್ ಆಗ್ತಿದೆ, ಮಣಿಕಟ್ಟು ಹಿಡಿದುಕೊಳ್ಳಿ" ಅಂತ ಜೊತೆಗೆ ಆಡುವವರು ಹೇಳಿದರು. ಎರಡು ತಿಂಗಳಿಂದ ಹಲ್ಲುಕಚ್ಚಿ ಹಿಡಿಯುತ್ತಿದ್ದೇನೆ. ವೇಗ 80ಕ್ಕೆ ಇಳಿದಿದೆ, ಚೆಂಡು ಬಲಕ್ಕೆ ಓಡುತ್ತಿದೆ. ಎಲ್ಲಿ ತಪ್ಪಿದೆ? (ಮೈಸೂರು)

ಉತ್ತರ: ನಿಮ್ಮ ಸ್ನೇಹಿತರು ಕಾಯಿಲೆ ಸರಿಯಾಗಿ ಹೇಳಿದ್ದಾರೆ, ಔಷಧ ತಪ್ಪು ಕೊಟ್ಟಿದ್ದಾರೆ. ಬೇಗ ಬಿಟ್ಟರೆ ವೇಗ ಹೋಗುತ್ತದೆ, ನಿಜ. ಆದರೆ ಬಲವಂತವಾಗಿ ಹಿಡಿದರೂ ಹೋಗುತ್ತದೆ. ನಿಮಗೆ ಈಗ ಆಗಿರುವುದು ಎರಡನೆಯದು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ನೋಡಿದ್ದೀರಾ? ಒದ್ದೆ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ಹೆಗಲ ಮೇಲಿಂದ ಬೀಸುತ್ತಾರಲ್ಲ, ಆಗ ಮೊದಲು ಹೊರಡುವುದು ಸೊಂಟ. ಆಮೇಲೆ ಹೆಗಲು, ತೋಳು. ಪಂಚೆಯ ತುದಿ ಇನ್ನೂ ಬೆನ್ನ ಹಿಂದೆಯೇ ಇರುತ್ತದೆ. ಕೈ ಹೊಟ್ಟೆಯ ಮಟ್ಟಕ್ಕೆ ಬರುವಾಗ ತಾನಾಗಿಯೇ ನಿಧಾನವಾಗುತ್ತದೆ, ಆಗ ಆ ತುದಿ ಕೈಯನ್ನು ದಾಟಿಕೊಂಡು ಹೋಗಿ ಕಲ್ಲಿಗೆ ಫಟಾರ್ ಅಂತ ಬಡಿಯುತ್ತದೆ. ಬಟ್ಟೆಯನ್ನು ಯಾರೂ ಮಣಿಕಟ್ಟಿನಿಂದ ತಳ್ಳುವುದಿಲ್ಲ. ತಳ್ಳೋಕೆ ಆಗುವುದೂ ಇಲ್ಲ, ಅದು ಬಟ್ಟೆ. ನಿಮ್ಮ ತೋಳು ಮತ್ತು ಕ್ಲಬ್ ನಡುವೆ ಆಗಬೇಕಾದದ್ದು ಹೆಚ್ಚುಕಡಿಮೆ ಇದೇ.

ಬ್ರಿಟನ್ನಿನಲ್ಲಿ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲಿ ಸ್ವಿಂಗ್ ಅನ್ನು, ಅಂದರೆ ಕ್ಲಬ್ ಬೀಸುವುದನ್ನು, ಒಂದಕ್ಕೊಂದು ಕೀಲು ಹಾಕಿದ ಎರಡು ಕೋಲುಗಳಂತೆ ವಿವರಿಸಿದರು. ಒಂದು ಕೋಲು ತೋಳು, ಇನ್ನೊಂದು ಕ್ಲಬ್, ನಡುವಿನ ಕೀಲು ಮಣಿಕಟ್ಟು. ಕ್ಲಬ್ ಮಡಚಿಕೊಂಡಿರುವಷ್ಟು ಹೊತ್ತು ಅದರ ಭಾರ ಮೈಗೆ ಹತ್ತಿರ ಇರುತ್ತದೆ, ಆದ್ದರಿಂದ ಮೈ ಮತ್ತು ತೋಳು ಸಲೀಸಾಗಿ ವೇಗ ಹಿಡಿಯುತ್ತವೆ. ತೋಳಿಗೆ ವೇಗ ಬಂದಂತೆ ಕ್ಲಬ್‌ಹೆಡ್ ಹೊರಕ್ಕೆ ಎಳೆಯತೊಡಗುತ್ತದೆ, ಕೀಲು ಬಿಚ್ಚುತ್ತದೆ, ಕೈ ನಿಧಾನವಾಗುತ್ತದೆ, ಕೈ ಕಳೆದುಕೊಂಡ ಓಟ ಕ್ಲಬ್‌ಹೆಡ್‌ಗೆ ಸಿಗುತ್ತದೆ. ಚೆಂಡಿಗೆ ತಗಲುವ ಹೊತ್ತಿನಲ್ಲಿ ಒಳ್ಳೆಯ ಆಟಗಾರರ ಕೈಯ ವೇಗ ಕ್ಲಬ್‌ಹೆಡ್ ವೇಗದ ಕಾಲು ಭಾಗವೂ ಇರುವುದಿಲ್ಲ. ಕೈ ಜೋರಾಗಿ ಓಡಿಸಿದರೆ ಚೆಂಡು ದೂರ ಹೋಗುತ್ತದೆ ಅಂದುಕೊಂಡವರು ಇದನ್ನು ಎರಡು ಸಲ ಓದಬೇಕು.

ಈಗ ಕಾಸ್ಟಿಂಗ್‌ಗೆ ಬರೋಣ. ಗಾಳ ಎಸೆಯುವ ಹಾಗೆ ಮೇಲಿನಿಂದಲೇ ಮಣಿಕಟ್ಟು ಬಿಚ್ಚಿಬಿಟ್ಟರೆ, ಉದ್ದದ ಕ್ಲಬ್ಬನ್ನು ಪೂರ್ತಿ ಚಾಚಿಕೊಂಡೇ ಸುತ್ತಿಸಬೇಕಾಗುತ್ತದೆ. ತೋಳು ವೇಗ ಹಿಡಿಯುವ ಮೊದಲೇ ಭಾರ ಬಿತ್ತು. ಕ್ಲಬ್‌ಹೆಡ್‌ನ ಅತಿ ಹೆಚ್ಚಿನ ವೇಗ ಚೆಂಡಿಗಿಂತ ಒಂದೆರಡು ಅಡಿ ಹಿಂದೆಯೇ ಬಂದು ಹೋಗಿರುತ್ತದೆ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಥಿಯೊಡರ್ ಜಾರ್ಗೆನ್‌ಸನ್ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ: ಡೌನ್‌ಸ್ವಿಂಗ್‌ನ (ಕ್ಲಬ್ ಮೇಲಿಂದ ಕೆಳಗೆ ಬೀಸುವ ಹಂತ) ಆರಂಭದಲ್ಲಿ ಮಣಿಕಟ್ಟಿನಿಂದ ಕ್ಲಬ್ಬನ್ನು ತಳ್ಳಿದರೆ ಚೆಂಡಿನ ಹತ್ತಿರದ ವೇಗ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಬಿಚ್ಚುವುದು ಸ್ವಲ್ಪ ತಡವಾದರೆ ವೇಗ ಏರುತ್ತದೆ.

"ಸ್ವಲ್ಪ" ಎನ್ನುವ ಮಾತಿನಲ್ಲೇ ಎಲ್ಲ ಇದೆ. ಬಿಚ್ಚುವುದು ತೀರಾ ತಡವಾದರೆ ಕ್ಲಬ್‌ಹೆಡ್ ಕೈಯನ್ನು ಹಿಡಿಯುವ ಮೊದಲೇ ಚೆಂಡು ಎದುರಾಗುತ್ತದೆ. ವೇಗ ಇನ್ನೂ ಏರುತ್ತಾ ಇರುತ್ತದೆ, ಅದರ ಶಿಖರ ಚೆಂಡು ಹೋದ ಮೇಲೆ ಬರುತ್ತದೆ. ಜೊತೆಗೆ ಮಡಿಕೆಯನ್ನು ಬಲವಂತವಾಗಿ ಹಿಡಿಯಬೇಕಾದರೆ ಮುಂಗೈ, ಮೊಣಕೈ, ಹೆಗಲು ಎಲ್ಲ ಬಿಗಿಯಾಗುತ್ತವೆ, ತೋಳಿನ ಓಟವೇ ಕುಗ್ಗುತ್ತದೆ. ನಿಮ್ಮ 4 ಮೈಲಿ ಹೋಗಿರುವುದು ಹೀಗೆ. ಒಂದು ಮೈಲಿಗೆ ಸುಮಾರು ಎರಡೂವರೆ ಯಾರ್ಡ್ ಲೆಕ್ಕ ಹಿಡಿದರೂ 10 ಯಾರ್ಡ್ ಹೋಯಿತು ಅಲ್ವಾ?

ಚೆಂಡು ಬಲಕ್ಕೆ ಹೋಗುವುದೂ ಇದರದ್ದೇ ಸಂತಾನ. ರಿಲೀಸ್ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ಎರಡು ಬೇರೆ ಕೆಲಸಗಳನ್ನು. ಒಂದು, ಮಣಿಕಟ್ಟಿನ ಮಡಿಕೆ ಬಿಚ್ಚುವುದು. ಸುತ್ತಿಗೆಯಿಂದ ಮೊಳೆ ಹೊಡೆಯುವಾಗ ಆಗುವಂಥದ್ದು. ಇನ್ನೊಂದು, ಮುಂಗೈ ತಿರುಗುವುದು. ಬಾಗಿಲ ಚಿಲಕದ ಹಿಡಿ ತಿರುಗಿಸಿದ ಹಾಗೆ. ವೇಗದ ದೊಡ್ಡ ಪಾಲು ಮೊದಲನೆಯದರಿಂದ, ಕ್ಲಬ್‌ನ ಮುಖ ನೇರವಾಗುವುದು ಮುಖ್ಯವಾಗಿ ಎರಡನೆಯದರಿಂದ. ನೀವು ಒಂದನ್ನು ಹಿಡಿಯಲು ಹೋಗಿ ಎರಡನ್ನೂ ಕಟ್ಟಿಹಾಕಿದ್ದೀರಿ. ಮುಖ ತೆರೆದೇ ಉಳಿಯುತ್ತಿದೆ, ಚೆಂಡು ಬಲಕ್ಕೆ ತಿರುಗುತ್ತಿದೆ.

ಇನ್ನೊಂದು ವಿಷಯ. ಡೌನ್‌ಸ್ವಿಂಗ್ ಶುರುವಾಗಿ ಚೆಂಡಿಗೆ ತಗಲುವವರೆಗಿನ ಸಮಯ ಪಳಗಿದ ಆಟಗಾರರಲ್ಲಿ ಸುಮಾರು ಕಾಲು ಸೆಕೆಂಡ್. ನೀವು ಏನನ್ನಾದರೂ ಗಮನಿಸಿ, ತಲೆಯಿಂದ ಕೈಗೆ ಆಜ್ಞೆ ಹೋಗಿ, ಕೈ ಅಲುಗುವುದಕ್ಕೇ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಂದರೆ "ಈಗ ಬಿಡು" ಅಂತ ಮಧ್ಯದಲ್ಲಿ ಹೇಳುವುದಕ್ಕೆ ಸಮಯವೇ ಇಲ್ಲ! ರಿಲೀಸ್ ಯಾವಾಗ ಆಗಬೇಕು ಎನ್ನುವುದು ಮೇಲಿಂದ ಹೊರಡುವಾಗಲೇ ತೀರ್ಮಾನ ಆಗಿರುತ್ತದೆ. ಯಾವುದು ಮೊದಲು ಹೊರಟಿತು, ಸೊಂಟವೋ ಕೈಯೋ, ಹಿಡಿತ ಎಷ್ಟು ಬಿಗಿ ಇತ್ತು, ಇವೇ ಅದನ್ನು ನಿರ್ಧರಿಸುತ್ತವೆ. ನಾನು ಇಷ್ಟೆಲ್ಲ ಬರೆಯುತ್ತಿರುವುದು ಈ ಒಂದು ಮಾತಿಗಾಗಿ.

ಮಾಡಬೇಕಾದ್ದು ಹೇಳುತ್ತೇನೆ. ಮೊದಲು ಎರಡು ತಿಂಗಳ ಆ ಹಿಡಿಯುವ ಅಭ್ಯಾಸ ಬಿಟ್ಟುಬಿಡಿ. ಹಿಡಿತ ಸಡಿಲ ಮಾಡಿ. ತುಂಬಿದ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಹಿಡಿದುಕೊಂಡರೆ ಹೇಗೆ ಹಿಡಿಯುತ್ತೀರಿ? ಜಾರಬಾರದು, ಹಾಲೂ ಚೆಲ್ಲಬಾರದು. ಅಷ್ಟು ಸಾಕು. ಆಮೇಲೆ ಡ್ರೈವರನ್ನು ತಲೆಕೆಳಗು ಮಾಡಿ. ಕ್ಲಬ್‌ಹೆಡ್‌ನ ಪಕ್ಕದಲ್ಲಿ ಶಾಫ್ಟ್ (ಕ್ಲಬ್‌ನ ಉದ್ದನೆಯ ಕೋಲು) ಹಿಡಿದು, ಗ್ರಿಪ್ (ಹಿಡಿ) ಇರುವ ತುದಿ ಗಾಳಿಯಲ್ಲಿ ಬೀಸುವಂತೆ ಸ್ವಿಂಗ್ ಮಾಡಿ, ಕಿವಿಗೊಟ್ಟು ಕೇಳಿ. "ಸುಂಯ್" ಎನ್ನುವ ಸದ್ದು ಎಲ್ಲಿ ಬರುತ್ತಿದೆ? ಬಲ ಭುಜದ ಹತ್ತಿರ ಬಂದರೆ ಬೇಗ ಬಿಟ್ಟಿದ್ದೀರಿ. ಚೆಂಡು ಇರಬೇಕಾದ ಜಾಗದಲ್ಲಿ ಅಥವಾ ಅದರ ಸ್ವಲ್ಪ ಮುಂದೆ, ಎಡ ಪಾದದ ಎದುರಿಗೆ ಬಂದರೆ ಸರಿ. ಎಲ್ಲೂ ಸದ್ದೇ ಇಲ್ಲ ಅಂದರೆ ಇನ್ನೂ ಹಿಡಿದಿದ್ದೀರಿ ಎಂದು ಅರ್ಥ. ಇದನ್ನು ದಿನಕ್ಕೆ 20 ಸಲ ಮಾಡಿ. ಅಂಗಳವೇ ಸಾಕು, ಅಭ್ಯಾಸದ ರೇಂಜ್‌ಗೆ ಹೋಗಬೇಕಾಗಿಲ್ಲ. ಸುತ್ತ ಯಾರೂ ಇಲ್ಲ ಅಂತ ಮಾತ್ರ ನೋಡಿಕೊಳ್ಳಿ.

ಒಂದು ವಾರ ಕಳೆದ ಮೇಲೆ ಕಾಲಿನ ಅಭ್ಯಾಸ ಸೇರಿಸಿ. ಎರಡೂ ಪಾದ ಜೋಡಿಸಿ ನಿಂತು ಕ್ಲಬ್ ಎತ್ತಿ. ಕ್ಲಬ್ ಇನ್ನೂ ಮೇಲೆ ಹೋಗುತ್ತಿರುವಾಗಲೇ ಎಡಗಾಲನ್ನು ಮುಂದೆ ಇಟ್ಟು, ಆ ಹೆಜ್ಜೆಯ ಮೇಲೆ ಬೀಸಿ. ಕೆಳಗಿನ ಮೈ ಎಡಕ್ಕೆ, ಕ್ಲಬ್ ಬಲಕ್ಕೆ, ಆ ಒಂದು ಕ್ಷಣ ಎರಡೂ ಬೇರೆ ದಿಕ್ಕಿಗೆ ಹೋಗುತ್ತವೆ. ಮಣಿಕಟ್ಟು ತಾನಾಗಿ ಇನ್ನಷ್ಟು ಮಡಚಿಕೊಳ್ಳುವುದು ನಿಮಗೇ ಗೊತ್ತಾಗುತ್ತದೆ. ಲ್ಯಾಗ್ ಅಂತ ಎಲ್ಲರೂ ಹೇಳುವುದು ಇದನ್ನೇ, ಇದನ್ನು ನೀವು ಹಿಡಿದು ಮಾಡಿದ್ದಲ್ಲ.

ಮೊದಲ ಗುರಿ ಹಳೆಯ 84. ಅದಕ್ಕಿಂತ ಮೇಲೆ ಎಷ್ಟು ಬರುತ್ತದೆ ಎನ್ನುವುದು ನಿಮ್ಮ ಸೊಂಟ, ಬೆನ್ನು ಎಷ್ಟು ತಿರುಗುತ್ತವೆ ಎನ್ನುವುದರ ಮೇಲೆ ಇದೆ. ಅಮೆರಿಕದ ವೃತ್ತಿಪರ ಪುರುಷರ ಪಿಜಿಎ ಟೂರ್ ಆಟಗಾರರ ಸರಾಸರಿ 115 ಮೈಲಿ ಆಸುಪಾಸು ಇದೆ ಅಂತ ಅದನ್ನು ಬೆನ್ನಟ್ಟಬೇಡಿ. ಮಹಿಳೆಯರ ಟೂರ್ ಆದ ಎಲ್‌ಪಿಜಿಎ ಆಟಗಾರ್ತಿಯರ ಸರಾಸರಿ 94ರ ಆಸುಪಾಸು, ಅವರ ಸ್ವಿಂಗ್ ನೋಡಿ ಕಲಿಯುವುದು ನಮ್ಮಂಥವರಿಗೆ ಹೆಚ್ಚು ಉಪಯೋಗ.

ಪ್ರಶ್ನೆ: ಹದಿನೈದು ವರ್ಷ ಲೀಗ್ ಕ್ರಿಕೆಟ್ ಆಡಿದವನು. ಈಗ ಗಾಲ್ಫ್. ಪುಲ್ ಶಾಟ್ ಹೊಡೆಯುವ ಹಾಗೆ ಬಾಟಮ್ ಹ್ಯಾಂಡ್ ಹಾಕಿದರೆ ಬಲ ಬರಬೇಕಲ್ಲ? ನನ್ನ ಡ್ರೈವ್ ಮೇಲಕ್ಕೆ ಹೋಗುತ್ತದೆ, ದೂರ ಹೋಗುವುದಿಲ್ಲ. (ಬೆಂಗಳೂರು)

ಉತ್ತರ: ಕ್ರಿಕೆಟ್‌ನಿಂದ ಬಂದವರಲ್ಲಿ ನಾನು ಪದೇ ಪದೇ ನೋಡುವ ತೊಂದರೆ ಇದು. ಕೈಯಲ್ಲಿ ಬಲ ಇದೆ, ಕಣ್ಣು ಚೆನ್ನಾಗಿದೆ, ಸಮಯ ಮಾತ್ರ ಬ್ಯಾಟಿನದು.

ಬ್ಯಾಟ್ ಒಂದು ಕೆಜಿಗಿಂತ ಜಾಸ್ತಿ ತೂಗುತ್ತದೆ, ಆ ತೂಕ ಅಗಲವಾದ ಹಲಗೆಯ ಉದ್ದಕ್ಕೂ ಹರಡಿದೆ. ಚೆಂಡು ಎಲ್ಲಿ ಬರುತ್ತದೋ ಗೊತ್ತಿಲ್ಲ, ಕೊನೆಯ ಗಳಿಗೆಯಲ್ಲಿ ಬಾಟಮ್ ಹ್ಯಾಂಡ್‌ನಿಂದ, ಅಂದರೆ ಹಿಡಿಯಲ್ಲಿ ಕೆಳಗಿರುವ ಬಲಗೈಯಿಂದ, ತಿದ್ದಿಕೊಳ್ಳಬೇಕು. ಡ್ರೈವರ್ ಹಾಗಲ್ಲ. ಪೂರ್ತಿ ಕ್ಲಬ್ 300 ಗ್ರಾಂ ಚಿಲ್ಲರೆ, ಅದರಲ್ಲಿ ಸುಮಾರು 200 ಗ್ರಾಂ ತುದಿಯಲ್ಲೇ ಕೂತಿದೆ, ಉದ್ದ 45 ಇಂಚು ಆಸುಪಾಸು. ಇಷ್ಟು ಹಗುರವಾದ, ತುದಿಭಾರದ ವಸ್ತುವನ್ನು ಬಲಗೈಯಿಂದ ಒತ್ತಿದರೆ ಅದು ತಕ್ಷಣ ಬಿಚ್ಚಿಕೊಳ್ಳುತ್ತದೆ. ಅದೇ ಕಾಸ್ಟಿಂಗ್. ಚೆಂಡಿಗೆ ಬರುವ ಹೊತ್ತಿಗೆ ಕ್ಲಬ್‌ಹೆಡ್ ಕೈಯನ್ನು ದಾಟಿ ಮುಂದೆ ಹೋಗಿರುತ್ತದೆ, ಎಡ ಮಣಿಕಟ್ಟು ಒಳಕ್ಕೆ ಕುಸಿದಿರುತ್ತದೆ, ಮುಖ ಆಕಾಶ ನೋಡುತ್ತಿರುತ್ತದೆ. ಚೆಂಡು ಎದ್ದು ಸತ್ತ ಹಾಗೆ ಬೀಳುವುದು ಅದಕ್ಕೆ.

ಬಲಗೈಗೆ ಕೆಲಸವೇ ಇಲ್ಲ ಅಂತ ಅಲ್ಲ. ಅದರ ಸರದಿ ಕೊನೆಯಲ್ಲಿ. ಕೈಗಳು ಬಲ ತೊಡೆಯ ಹತ್ತಿರ ಬಂದ ಮೇಲೆ ಬಲಗೈ ಒತ್ತಿದರೆ ಒಂದಷ್ಟು ವೇಗ ಸೇರುತ್ತದೆ. ಆದರೆ ಕಾಲು ಸೆಕೆಂಡಿನೊಳಗಿನ ಆ ಸೂಕ್ಷ್ಮವನ್ನು ಮೊದಲ ವರ್ಷವೇ ಹುಡುಕಲು ಹೋಗಬೇಡಿ. ಸದ್ಯಕ್ಕೆ 7 ಐರನ್ (ಚಪ್ಪಟೆ ಲೋಹದ ತಲೆಯ, ಮಧ್ಯಮ ದೂರದ ಕ್ಲಬ್) ತೆಗೆದುಕೊಂಡು ಎಡಗೈ ಒಂದರಲ್ಲೇ, ಸೊಂಟದಿಂದ ಸೊಂಟದವರೆಗೆ, ಸಣ್ಣ ಸ್ವಿಂಗ್ ಮಾಡಿ. ಒಂದೇ ಕೈಯಲ್ಲಿ ತಳ್ಳುವುದು ಕಷ್ಟ, ಮೈ ತಿರುಗಿಸದೆ ಕ್ಲಬ್ ಬರುವುದೇ ಇಲ್ಲ. 15 ಚೆಂಡು ಹಾಗೆ, ಆಮೇಲೆ ಬಲಗೈಯ ಎರಡು ಬೆರಳು ಮಾತ್ರ ಸೇರಿಸಿ 15. ಕವರ್ ಡ್ರೈವ್ ಆಡುವಾಗ ಟಾಪ್ ಹ್ಯಾಂಡ್ ಹೇಗೆ ಮುಂದಾಳತ್ವ ವಹಿಸುತ್ತಿತ್ತು ನೆನಪಿಸಿಕೊಳ್ಳಿ, ಅದು ನಿಮಗೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮೊಬೈಲ್‌ನಲ್ಲಿ ವಿಡಿಯೊ ತೆಗೆದಾಗ ನನ್ನ ಶಾಫ್ಟ್ ಬಿಲ್ಲಿನ ಹಾಗೆ ಬಗ್ಗಿದೆ. ಬಿಲ್ಲು ಬಿಟ್ಟಂತೆ ಅದು ಚಿಮ್ಮಿ ವೇಗ ಕೊಡುತ್ತದೆಯೇ? ಇನ್ನೂ ಮೆತ್ತನೆಯ ಶಾಫ್ಟ್ ಹಾಕಿಸಲೇ? (ವಿರಾಜಪೇಟೆ)

ಉತ್ತರ: ಮೊದಲು ಆ ವಿಡಿಯೊ ನಂಬಬೇಡಿ. ಮೊಬೈಲ್ ಕ್ಯಾಮೆರಾ ಒಂದು ಚಿತ್ರವನ್ನು ಒಮ್ಮೆಗೇ ಹಿಡಿಯುವುದಿಲ್ಲ, ಸಾಲು ಸಾಲಾಗಿ ಹಿಡಿಯುತ್ತದೆ. ಆ ಸಾಲುಗಳ ನಡುವಿನ ಹೊತ್ತಿನಲ್ಲಿ ಕ್ಲಬ್ ಎಷ್ಟೋ ಮುಂದೆ ಹೋಗಿರುತ್ತದೆ. ಹಾಗಾಗಿ ನೆಟ್ಟಗಿರುವ ಶಾಫ್ಟ್ ಕೂಡ ಬಾಳೆ ಎಲೆಯ ದಂಟಿನ ಹಾಗೆ ಬಗ್ಗಿ ಕಾಣುತ್ತದೆ. ತಿರುಗುವ ಫ್ಯಾನ್ ವಿಡಿಯೊ ತೆಗೆದು ನೋಡಿ, ಅದೇ ಆಗುತ್ತದೆ.

ಶಾಫ್ಟ್ ನಿಜವಾಗಿಯೂ ಬಗ್ಗುತ್ತದೆ, ಆದರೆ ಅಷ್ಟಲ್ಲ. ಡೌನ್‌ಸ್ವಿಂಗ್ ಶುರುವಿನಲ್ಲಿ ಹಿಂದಕ್ಕೆ ಬಗ್ಗಿದ್ದು, ಚೆಂಡಿಗೆ ತಗಲುವ ಹೊತ್ತಿಗೆ ಸ್ವಲ್ಪ ಮುಂದಕ್ಕೇ ಬಗ್ಗಿರುತ್ತದೆ. ಕ್ಲಬ್‌ಹೆಡ್‌ನ ತೂಕದ ಕೇಂದ್ರ ಶಾಫ್ಟ್‌ನ ಗೆರೆಯ ಮೇಲೆ ಇಲ್ಲ, ಹಿಂದೆ ಇದೆ. ಹೊರಕ್ಕೆ ಎಳೆಯುವಾಗ ಆ ಕೇಂದ್ರ ಗೆರೆಗೆ ಬರಲು ನೋಡುತ್ತದೆ, ತಲೆ ಮುಂದಕ್ಕೆ ವಾಲುತ್ತದೆ. ಆ ಎಳೆತ ಸಣ್ಣದಲ್ಲ. 200 ಗ್ರಾಂ ತೂಕ, ನಿಮ್ಮ ವೇಗ 85 ಮೈಲಿ ಅಂತ ಇಟ್ಟು ಲೆಕ್ಕ ಹಾಕಿದರೆ ಸುಮಾರು 20 ಕೆಜಿ ಭಾರ ನೇತುಹಾಕಿದಷ್ಟು ಸೆಳೆತ ನಿಮ್ಮ ಕೈಗೆ ಬರುತ್ತದೆ. ಮಣಿಕಟ್ಟನ್ನು ಬಿಚ್ಚುವುದು ಮುಖ್ಯವಾಗಿ ಈ ಸೆಳೆತ. ಶಾಫ್ಟ್‌ನ ಚಿಮ್ಮುವಿಕೆಯಿಂದ ಸಿಗುವ ವೇಗ ಅದರ ಮುಂದೆ ಚಿಕ್ಕದು. ಮೆತ್ತನೆಯ ಶಾಫ್ಟ್‌ನಿಂದ ಚೆಂಡಿನ ಎತ್ತರ, ದಿಕ್ಕು ಬದಲಾಗಬಹುದು, ಕೈಗೆ ಹಿತವೂ ಅನ್ನಿಸಬಹುದು. ಬೇಗ ಬಿಡುವ ತೊಂದರೆ ಹಾಗೇ ಇರುತ್ತದೆ. ದುಡ್ಡು ಸದ್ಯಕ್ಕೆ ಜೇಬಿನಲ್ಲಿರಲಿ.

ಪ್ರಶ್ನೆ: ಮಗಳಿಗೆ 11 ವರ್ಷ. ಅವಳ ಜೊತೆಯ ಹುಡುಗರು 30 ಯಾರ್ಡ್ ಮುಂದೆ ಹೊಡೆಯುತ್ತಾರೆ ಅಂತ ಅಳುತ್ತಾಳೆ. ಲ್ಯಾಗ್ ಅಭ್ಯಾಸ ಮಾಡಿಸಬೇಕು ಅಂತ ಯಜಮಾನರು ಹೇಳುತ್ತಿದ್ದಾರೆ. ಮಾಡಿಸಲೇ? (ಬೆಂಗಳೂರು)

ಉತ್ತರ: ಮಾಡಿಸಬೇಡಿ ಅಮ್ಮ. ಮೊದಲು ಅವಳ ಕ್ಲಬ್ ನೋಡಿ. ಯಜಮಾನರ ಹಳೆಯ ಕ್ಲಬ್ ಕತ್ತರಿಸಿ ಕೊಟ್ಟಿದ್ದೀರಾ? ಹಾಗಿದ್ದರೆ ಉತ್ತರ ಅಲ್ಲೇ ಇದೆ. ದೊಡ್ಡವರ ಶಾಫ್ಟ್ ಕತ್ತರಿಸಿದರೆ ಗಿಡ್ಡವಾಗುತ್ತದೆ, ಆದರೆ ಇನ್ನೂ ಗಡುಸಾಗುತ್ತದೆ, ತಲೆಯ ಭಾರ ಅಷ್ಟೇ ಉಳಿಯುತ್ತದೆ. 11 ವರ್ಷದ ಮಣಿಕಟ್ಟು ಅದನ್ನು ಮೇಲೆ ತಾಳಲಾರದೆ ಮೊದಲೇ ಬಿಟ್ಟುಬಿಡುತ್ತದೆ. ಮಗುವಿನ ತಪ್ಪು ಏನೂ ಇಲ್ಲ. ಅವಳ ಎತ್ತರಕ್ಕೆ ಮಾಡಿದ ಹಗುರವಾದ ಕ್ಲಬ್ ಕೊಟ್ಟರೆ ಅರ್ಧ ಸಮಸ್ಯೆ ಒಂದೇ ದಿನದಲ್ಲಿ ಹೋಗುವುದನ್ನು ನೋಡಿದ್ದೇನೆ.

ಆಮೇಲೆ ಅವಳಿಗೆ ಎಸೆಯುವ ಆಟ ಆಡಿಸಿ. ಕೆರೆಗೆ ಕಲ್ಲು ಕುಪ್ಪಳಿಸುವುದು, ಕ್ರಿಕೆಟ್ ಚೆಂಡು ದೂರ ಎಸೆಯುವುದು, ಬುಗುರಿ ಆಡಿಸುವುದು. ಕಲ್ಲು ಎಸೆಯುವ ಮಗು ಹೆಜ್ಜೆ ಮೊದಲು ಇಡುತ್ತದೆ, ಆಮೇಲೆ ಸೊಂಟ, ಹೆಗಲು, ಮೊಣಕೈ, ಕೊನೆಗೆ ಬೆರಳು. ಯಾರೂ ಹೇಳಿಕೊಟ್ಟಿರುವುದಿಲ್ಲ. ಆ ಕ್ರಮವೇ ಗಾಲ್ಫ್‌ಗೂ ಬೇಕಾದದ್ದು. ಹುಡುಗರು ಮುಂದೆ ಹೊಡೆಯುವುದಕ್ಕೆ ಒಂದು ಕಾರಣ ಅವರು ಚಿಕ್ಕಂದಿನಿಂದ ಸುಮ್ನೆ ಏನಾದರೂ ಎಸೆಯುತ್ತಲೇ ಇರುತ್ತಾರೆ, ಹುಡುಗಿಯರಿಗೆ ನಾವು ಅದನ್ನು ಬಿಡುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಅವಳಿಗೆ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಬಗ್ಗೆ ಹೇಳಿ. ನಿಮ್ಮ ಊರಿನವರೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, ಪದಕದಿಂದ ಒಂದೇ ಸ್ಟ್ರೋಕ್ ದೂರ. ಆ ನಾಲ್ಕು ದಿನ ಅವರ ಜೊತೆ ಆಡಿದವರ ಡ್ರೈವ್‌ಗಳು ಅವರದ್ದಕ್ಕಿಂತ ಎಷ್ಟೋ ಮುಂದೆ ಬೀಳುತ್ತಿದ್ದವು. ಅದಿತಿ ದೂರದಿಂದ ಹೊಡೆದು ಗ್ರೀನ್‌ಗೆ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ತಂದು, ಪಟ್ ಹಾಕಿ, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸಿ, ಅವರನ್ನು ಹಿಡಿಯುತ್ತಿದ್ದರು. ದೇಶದಲ್ಲಿ ಗಾಲ್ಫ್ ಗೊತ್ತಿಲ್ಲದವರೂ ಆ ಶನಿವಾರ ಬೆಳಿಗ್ಗೆ ಟಿವಿ ಮುಂದೆ ಕೂತಿದ್ದರು.

ಪ್ರಶ್ನೆ: ಐರನ್‌ಗೂ ಡ್ರೈವರ್‌ಗೂ ರಿಲೀಸ್ ಒಂದೇ ಹೊತ್ತಿಗೆ ಆಗಬೇಕೇ? (ಚಿಕ್ಕಮಗಳೂರು)

ಉತ್ತರ: ಪೂರ್ತಿ ಒಂದೇ ಅಲ್ಲ. ಐರನ್‌ನಲ್ಲಿ ಚೆಂಡು ನೆಲದ ಮೇಲಿದೆ, ಕೈಗಳು ಚೆಂಡಿಗಿಂತ ಒಂದಿಷ್ಟು ಮುಂದೆ ಇರುವಾಗಲೇ ತಗಲಬೇಕು, ಆಮೇಲೆ ಹುಲ್ಲು. ಡ್ರೈವರ್‌ನಲ್ಲಿ ಚೆಂಡು ಟೀ ಎನ್ನುವ ಸಣ್ಣ ಗೂಟದ ಮೇಲಿದೆ, ಎಡ ಹಿಮ್ಮಡಿಯ ಎದುರಿಗಿದೆ, ಆದ್ದರಿಂದ ತೋಳು ಮತ್ತು ಶಾಫ್ಟ್ ಹೆಚ್ಚುಕಡಿಮೆ ಒಂದೇ ಗೆರೆಗೆ ಬಂದಿರುತ್ತವೆ. ಇದಕ್ಕಾಗಿ ಎರಡು ಸ್ವಿಂಗ್ ಕಲಿಯಬೇಡಿ. ಚೆಂಡಿನ ಜಾಗ ಬದಲಿಸಿದರೆ ಸಾಕು. ಐರನ್‌ನಲ್ಲಿ ಚೆಂಡಿನ ಹಿಂದಿನ ಮಣ್ಣು ಏಳುತ್ತಿದ್ದರೆ ನೀವೂ ಬೇಗ ಬಿಡುತ್ತಿದ್ದೀರಿ, ಮೈಸೂರಿನವರಿಗೆ ಹೇಳಿದ್ದು ನಿಮಗೂ ಅನ್ವಯ.

ಪ್ರಶ್ನೆ: ಹೆಸರಾಂತ ಗಾಲ್ಫ್ ಆಟಗಾರರಾದ ಬೆನ್ ಹೋಗನ್, ಸರ್ಜಿಯೊ ಗಾರ್ಸಿಯಾ ಅವರ ಫೋಟೊಗಳಲ್ಲಿ ಕೈ ಸೊಂಟದ ಹತ್ತಿರ ಬಂದರೂ ಕ್ಲಬ್ ಇನ್ನೂ ಭುಜದ ಹಿಂದೆ ಇದೆ. ಆ ಕೋನ ನನಗೆ ಬರುತ್ತಿಲ್ಲ. ವಾರಾಂತ್ಯ ಪೂರ್ತಿ ಅದರ ಮೇಲೇ ಹೋಗುತ್ತಿದೆ. (ದುಬೈ)

ಉತ್ತರ: ಫೋಟೊ ನಿಲ್ಲಿಸಿದ ಚಿತ್ರ. ಅವರು ಆ ಜಾಗದಲ್ಲಿ ನಿಂತಿರಲಿಲ್ಲ, ಹಾದುಹೋಗುತ್ತಿದ್ದರು. ಆ ಕೋನ ಅವರ ಸೊಂಟ ಅಷ್ಟು ವೇಗವಾಗಿ ತಿರುಗಿದ್ದರಿಂದ, ಮಣಿಕಟ್ಟು ಅಷ್ಟು ಮೆತ್ತಗಿದ್ದುದರಿಂದ ಬಂತು. ನೀವು ಕೋನವನ್ನು ಮೊದಲು ಮಾಡಿ, ವೇಗ ಆಮೇಲೆ ಬರಲಿ ಅಂತ ಕಾಯುತ್ತಿದ್ದೀರಿ. ಎತ್ತಿನ ಮುಂದೆ ಗಾಡಿ ಕಟ್ಟಿದ ಹಾಗಾಯಿತು.

ಅದೂ ಅಲ್ಲದೆ ಎಲ್ಲರಿಗೂ ಆ ಕೋನ ಬೇಕಾಗಿಯೂ ಇಲ್ಲ. ಸ್ಟೀವ್ ಸ್ಟ್ರಿಕರ್ ಸ್ವಿಂಗ್ ಹುಡುಕಿ ನೋಡಿ. ಮಣಿಕಟ್ಟು ಮಡಚುವುದೇ ಕಡಿಮೆ. ಪಿಜಿಎ ಟೂರ್‌ನಲ್ಲಿ 12 ಸಲ ಗೆದ್ದಿದ್ದಾರೆ. ಅವರ ಚೆಂಡು ಗಾರ್ಸಿಯಾ ಅವರದಷ್ಟು ದೂರ ಹೋಗಲಿಕ್ಕಿಲ್ಲ, ಆದರೆ ಮಡಚಿದ್ದಷ್ಟನ್ನು ಸರಿಯಾದ ಹೊತ್ತಿಗೆ ಚೆಂಡಿಗೆ ತಲುಪಿಸುತ್ತಾರೆ.

ನೀವು ಒಂದು ಕೆಲಸ ಮಾಡಿ. ಮೊಬೈಲ್ ಅನ್ನು ಸೊಂಟದ ಎತ್ತರಕ್ಕೆ, ನಿಮ್ಮ ಎದೆಗೆ ನೇರ ಎದುರಾಗಿ ಇಡಿ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರದ ಆಯ್ಕೆ ಇದ್ದರೆ ಅದನ್ನು ಹಾಕಿ, ಡೌನ್‌ಸ್ವಿಂಗ್ ಒಂದಕ್ಕೇ ಸುಮಾರು 60 ಚಿತ್ರ ಸಿಗುತ್ತವೆ. ಶಾಫ್ಟ್ ಬಗ್ಗಿದ್ದನ್ನು ಬಿಟ್ಟುಬಿಡಿ, ವಿರಾಜಪೇಟೆಯವರಿಗೆ ಹೇಳಿದ್ದೇನೆ. ಎರಡೇ ಚಿತ್ರ ನಿಲ್ಲಿಸಿ ನೋಡಿ. ಎಡ ತೋಳು ನೆಲಕ್ಕೆ ಸಮವಾಗಿರುವಾಗ ಕ್ಲಬ್ ಇನ್ನೂ ಆಕಾಶದ ಕಡೆ ಇದೆಯೇ? ಚೆಂಡಿಗೆ ತಗಲಿದ ಮೇಲಿನ ಮೊದಲ ಒಂದೆರಡು ಚಿತ್ರಗಳಲ್ಲಿ ಎಡ ತೋಳು, ಶಾಫ್ಟ್ ಒಂದೇ ಗೆರೆಯಲ್ಲಿವೆಯೇ? ಎರಡಕ್ಕೂ ಹೌದು ಅಂದರೆ ನಿಮ್ಮ ರಿಲೀಸ್ ಸರಿಯಾಗಿದೆ, ಗಾರ್ಸಿಯಾ ಫೋಟೊ ತೆಗೆದಿಟ್ಟು ಹೋಗಿ ಆಡಿ. ಮೊದಲನೆಯದಕ್ಕೆ ಮಾತ್ರ ಹೌದು ಅಂದರೆ ಹಿಡಿತ ಸಡಿಲ ಮಾಡಿ. ಮೊದಲನೆಯದೇ ಇಲ್ಲ ಅಂದರೆ ಎಡಗಾಲಿನ ಹೆಜ್ಜೆಯ ಅಭ್ಯಾಸದಿಂದ ಶುರು ಮಾಡಿ, ಮೂರು ವಾರ ಆದ ಮೇಲೆ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಮೊಬೈಲ್ ಇಟ್ಟು ಮತ್ತೆ ತೆಗೆಯಿರಿ.